ಬಿಸಿ ಮಿರ್ಚಿ

ಮಣ್ಣು ಕೊಟ್ಟು ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತಿರುವಾಗಲೇ ಉಚ್ಚೆಂಗೆಪ್ಪನ ಅಕ್ಕ ಈರಮ್ಮ ಕೇಳಿದಳು: “ತಮ್ಮಾ, ದೀಪದ ಮುಂದ ಎಡಿ ಇಡಬೇಕು. ಯಂಕಮ್ಮಗ ಏನು ಸೇರತಿತ್ತು?”

ಉಚ್ಚೆಂಗೆಪ್ಪ ಚೊಂಬು ಹಿಡಿದು ನಿಂತೇಬಿಟ್ಟ. ಕುರುಗೋಡಿನ ಈ ಮನೆಯಲ್ಲಿ ಆಯುಷ್ಯವಿಡೀ ಹೆಂಡತಿ ಯಂಕಮ್ಮನ ಕೈಯಡುಗೆ ಉಂಡವನು. ಅವನಿಗೆ ಸೇರುವುದೆಲ್ಲ ಅವಳಿಗೆ ಗೊತ್ತಿತ್ತು. ಅವಳಿಗೆ ಸೇರುವುದು? ಮಗಳು ಜ್ಯೋತಿಯ ಮುಖ ನೋಡಿದ.

“ಅವ್ವಗ ಎಲ್ಲಾ ಸೇರತಿತ್ತು. ಉಳದಿದ್ದು ಉಣತಿದ್ಲು.”

“ಉಳದಿದ್ದು ಎಡಿ ಇಡಾಕ ಬರತೈತೇನವ್ವ?” ಎಂದಳು ಈರಮ್ಮ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಏನು ಮಾಡಿ ತರಲಿ ಎಂದು ಪಕ್ಕದ ಮನೆಯವರು ಕಾಯುತ್ತಿದ್ದರು. ಹೆಂಡತಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುತ್ತೇನೇನೋ ಎಂದು ಉಚ್ಚೆಂಗೆಪ್ಪನಿಗೆ ಕಣ್ಣು ತುಂಬಿ ಬಂತು.

“ನನಗ ಗೊತ್ತೈತಿ,” ಎಂದಳು ಸಿರುಗುಪ್ಪದಿಂದ ಬಂದಿದ್ದ ಅವನ ತಮ್ಮನ ಹೆಂಡತಿ ಸರೋಜಾ.

*

ಸರೋಜಾ ಮತ್ತು ಅವಳ ಗಂಡ ಸುಂಕಪ್ಪ ತಿನ್ನುವುದಕ್ಕೆಂದೇ ಹುಟ್ಟಿದವರು. ಒಂದು ಹೋಟೆಲಿನಲ್ಲಿ ಕೂತು ಇನ್ನೊಂದರ ರುಚಿ ಮಾತಾಡುವ ಜನ. ಹೋದ ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾರು ತಂದು, “ಅಕ್ಕಾ, ಇವತ್ತು ನಿನ್ನ ಒಲಿಗೆ ರಜಾ” ಎಂದು ಯಂಕಮ್ಮನನ್ನು ಹೊರಡಿಸಿದರು. ಆಕೆ ಗಂಡನಿಗೆ ರೊಟ್ಟಿ ಬಡಿದು, ಪಲ್ಯ ಮಾಡಿ ಮುಚ್ಚಿಟ್ಟೇ ಕಾರು ಹತ್ತಿದ್ದು.

ಬಳ್ಳಾರಿಯ ಮೊದಲ ಹೋಟೆಲಿನಲ್ಲಿ ದೋಸೆ ತಿಂದಾದ ಮೇಲೆ ಯಂಕಮ್ಮ ಮೂವರ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ಕೈತೊಳೆಯುವ ನಲ್ಲಿಯ ಕೆಳಗೆ ತಿಕ್ಕತೊಡಗಿದಳು. ಸಪ್ಲೈಯರ್ ಓಡಿ ಬಂದ. “ಬಿಡವ್ವಾ, ಅದಕ್ಕ ಬ್ಯಾರೆ ಜನ ಅದಾರ!” ಸುಂಕಪ್ಪ ನಕ್ಕು ನಕ್ಕು ಸುಸ್ತಾದ. ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಬಡಿಸುವವನನ್ನು, “ನೀ ಉಂಡೇನಪ್ಪ?” ಎಂದು ಕೇಳಿದಳು. ಆಮೇಲೆ ಅವನು ಆಕೆಯ ಎಲೆ ಬಿಟ್ಟು ಕದಲಲಿಲ್ಲ.

ಸಂಜೆ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಜ್ಜಿಯ ಅಂಗಡಿ. ಆಗಷ್ಟೇ ಬಾಣಲೆಯಿಂದ ಎತ್ತಿದ ಮಿರ್ಚಿ ಕಚ್ಚಿದ ಯಂಕಮ್ಮ ಬಾಯಿಂದ ಹಬೆ ಬಿಡುತ್ತ ಕೈಯಲ್ಲುಳಿದ ಅರ್ಧವನ್ನು ತಿರುಗಿಸಿ ನೋಡಿದಳು.

“ಖಾರ ಆತೇನಕ್ಕಾ?”

“ಇಲ್ಲವ್ವ. ಮದಿವಿ ಆದಾಗಿನಿಂದ ಮಿರ್ಚಿ ಕರದೀನಿ. ಎಲ್ಲಾರೂ ತಿಂದು ನಾ ಕೂಡೋದ್ರಾಗ ಮೆತ್ತಗ ಆಗಿರತಿತ್ತು. ಬಿಸಿ ಇದ್ದಾಗ ಇದು ಹಿಂಗಿರತೈತೇನು!”

ಇನ್ನೊಂದು ಪ್ಲೇಟು ತಾನೇ ಹೇಳಿದಳು. ಮರಳುವಾಗ ಕಾರಿನಲ್ಲಿ ಸರೋಜಾಳ ಕೈ ಹಿಡಿದು, “ನಿಮ್ಮ ಹೊಟ್ಟಿ ತಣ್ಣಗಿರಲಿ” ಎಂದು ದಾರಿಯುದ್ದಕ್ಕೂ ಹರಸಿದಳು.

*

“ಹೋಟೆಲಿಂದು ಎಡಿ ಇಡತಾರೇನು?” ಸರೋಜಾ ಹೇಳಿದ್ದನ್ನು ಈರಮ್ಮ ಒಪ್ಪಲಿಲ್ಲ.

“ಇಡೂಣಕ್ಕಾ. ಇವತ್ತಾದ್ರೂ ಆಕಿ ಬ್ಯಾರೇದವರು ಮಾಡಿದ್ದು ತಿನ್ನಲಿ,” ಎಂದ ಉಚ್ಚೆಂಗೆಪ್ಪ. ಸರೋಜಾಳ ಕಡೆ ತಿರುಗಿ ಕೈಮುಗಿದ. “ಆಕಿನ್ನ ಒಂದು ದಿನ ಕರಕೊಂಡು ಹೋಗಿದ್ರಿ. ಪುಣ್ಯ ಕಟಗೊಂಡ್ರಿ.” ಆಮೇಲೆ ತಮ್ಮನಿಗೆ, “ಸುಂಕಾ, ಓಡಲೇ. ಆರಬಾರದು.”

ಸುಂಕಪ್ಪ ಯಾರದೋ ಬೈಕು ಹತ್ತಿ ಬಸ್‌ಸ್ಟ್ಯಾಂಡಿಗೆ ಹೋಗಿ, ಬಿಸಿ ಮಿರ್ಚಿಯ ಪೊಟ್ಟಣವನ್ನು ಅಂಗಿಯೊಳಗೆ ಒತ್ತಿಕೊಂಡು ಬಂದ. ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪದ ಮುಂದೆ ಜ್ಯೋತಿ ಅದನ್ನು ಬಿಚ್ಚಿಟ್ಟಳು. ಹಬೆ ಇನ್ನೂ ಏಳುತ್ತಿತ್ತು. ಸತ್ತವಳು ನಿಶ್ಚಿಂತೆಯಿಂದ ಉಣ್ಣಲೆಂದು ಎಲ್ಲರೂ ಹೊರಬಂದರು. ಉಚ್ಚೆಂಗೆಪ್ಪ ಬಾಗಿಲೆಳೆದ.

ಸ್ವಲ್ಪ ಹೊತ್ತಾಯಿತು.

“ಸಾಕು, ತೆಗಿ ತಮ್ಮಾ. ಬಂದ ಜನ ಹಸದಾರ,” ಎಂದಳು ಈರಮ್ಮ.

“ತಡಿಯಕ್ಕಾ. ಆಕಿ ಸಾವಕಾಶ ತಿನ್ನಲಿ,” ಎಂದ ಉಚ್ಚೆಂಗೆಪ್ಪ, ಚಿಲಕದ ಮೇಲಿಟ್ಟ ಕೈ ತೆಗೆಯದೆ.