ಅಜ್ಜನಿಲ್ಲದ ಸೇನಾಪತಿ

ಚಾಮರಾಜನಿಗೆ ಸೇನಾಪತಿಯ ಪಟ್ಟ ಕಟ್ಟಿದ್ದು ಅವನ ಯುದ್ಧಜ್ಞಾನ ನೋಡಿಯಲ್ಲ. ಐರ್ಲೆಂಡಿನ ಪ್ಯಾಸೇಜ್ ವೆಸ್ಟ್ ಊರಿನಲ್ಲಿ ಅವನಿಗೆ ಅಜ್ಜನಿಲ್ಲ ಎಂಬ ಒಂದೇ ಕಾರಣಕ್ಕೆ. ಹತ್ತಿರದ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ದುಡಿದುಕೊಂಡು ತನ್ನ ಪಾಡಿಗೆ ತಾನಿದ್ದವನು. ಲಾಕ್‌ಡೌನ್ ಬೇಸರಕ್ಕೆ ಬೀದಿಯವರು ಶನಿವಾರ ಮಧ್ಯಾಹ್ನ ತಂತಮ್ಮ ಮನೆಯಿಂದಲೇ ಕಂಪ್ಯೂಟರಿನಲ್ಲಿ ನಕ್ಷೆ ಹರಡಿ ಆ ದೇಶದ 1922ರ ಅಂತರ್ಯುದ್ಧದ ಆಟ ಆಡತೊಡಗಿದರು. ಸರ್ಕಾರಿ ಸೇನೆ ಹಡಗಿನಿಂದಿಳಿದು ಕಾರ್ಕ್ ನಗರಕ್ಕೆ ನುಗ್ಗಬೇಕು, ಬಂಡಾಯದವರು ಕಾಡಿನಲ್ಲಿ ಕುಳಿತು ತಡೆಯಬೇಕು. ಬಂಡಾಯದ ನಾಯಕಿ ಎಡಮನೆಯ ನೋರಾ. ಸರ್ಕಾರದ ಕಡೆ ಆಡುವ ಬಲಮನೆಯ ಡಿನ್ನಿ ಸೇನಾಪತಿಯಾದರೆ ತಾನು ಆಡುವುದೇ ಇಲ್ಲವೆಂದಳು. ಇಬ್ಬರ ಅಜ್ಜಂದಿರೂ ಆಗ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು. ಮೊಮ್ಮಕ್ಕಳಿಗೆ ಎಪ್ಪತ್ತು ದಾಟಿದರೂ ಮಾತಿಲ್ಲ, ಕತೆಯಿಲ್ಲ. ಆಟದಲ್ಲೂ ಏನಿದ್ದರೂ ಚಾಮರಾಜನ ಮೂಲಕವೇ.

ಡಿನ್ನಿ ಒಂಟಿ. ಸೋಂಕಿನ ಭಯಕ್ಕೆ ಯಾರನ್ನೂ ಒಳಗೆ ಬಿಡುವುದಿಲ್ಲ. ಚಾಮರಾಜನ ಹೆಂಡತಿ ಗೀತಾ ಬಾಗಿಲಲ್ಲಿ ಸಾಮಾನಿಟ್ಟು ಬರುತ್ತಾಳೆ, ಒಂದು ಕೀಲಿಯನ್ನೂ ಇಟ್ಟುಕೊಂಡಿದ್ದಾಳೆ. ಮುದುಕನಿಗೆ ಏನಾದರೂ ಆದರೆ ಯಾರಿಗೆ ಗೊತ್ತಾಗಬೇಕು ಎಂಬುದು ಅವಳ ದಿನದ ಕೊರಗು. ಆಟದಲ್ಲಿ ಅವನಿಗೆ ಕ್ಯಾಮೆರಾ ಹಾಕಲು ಬಾರದು, ಕಪ್ಪು ಚೌಕದಲ್ಲಿ ಬರೀ ಹೆಸರು.

ಹಡಗಿನಿಂದ ಫಿರಂಗಿ ಇಳಿಯುವವರೆಗೆ ಗುಡ್ಡದ ಮೇಲೆ ನಿಲ್ಲು ಅಂದರೆ ನಿಲ್ಲುವ ಜಾಯಮಾನವೇ ಅಲ್ಲ ಡಿನ್ನಿಯದು. ತುಕಡಿ ಕಟ್ಟಿಕೊಂಡು ಕಾಡಿಗೆ ನುಗ್ಗುವುದು, ನೋರಾಳ ಮೆಷಿನ್‌ಗನ್ನಿಗೆ ಸಿಕ್ಕಿ ಮಣ್ಣು ಮುಕ್ಕುವುದು. ಕೇಳಿದರೆ ಎಲ್ಲ ಸರಿಯಾಗಿದೆ ಎಂಬಂತೆ ‘ಗ್ರ್ಯಾಂಡ್, ಗ್ರ್ಯಾಂಡ್’ ಅನ್ನುತ್ತಾನೆ. ವಾರವಾರವೂ ಇದೇ ರಾಮಾಯಣ. ಚಾಮರಾಜನಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆ ಶನಿವಾರ ಮಾತ್ರ ಡಿನ್ನಿಯ ತುಕಡಿ ಗುಡ್ಡ ಬಿಟ್ಟು ಕದಲಲಿಲ್ಲ. ಶುರುವಿನಲ್ಲಿ ಹಲೋ ಅಂದವನು ಆಮೇಲೆ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೂ ಮುದುಕನಿಗೆ ಬುದ್ಧಿ ಬಂತು ಎಂದು ಚಾಮರಾಜ ಹಿಗ್ಗಿಹೋದ. ಫಿರಂಗಿ ಇಳಿಸಿ ಕಾಡಿನತ್ತ ತಿರುಗಿಸಿದ. ಅಷ್ಟರಲ್ಲಿ ಯುದ್ಧ ನಿಲ್ಲಿಸಬೇಕೆಂದಳು ನೋರಾ. ಸೋಲುವ ಹೊತ್ತಿಗೆ ಇದೊಂದು ಹೊಸ ವರಸೆ ಅಂತ ಅವನಿಗೆ ಮೈಯೆಲ್ಲ ಉರಿಯಿತು.

“ಡಿನ್ನಿ ಹುಟ್ಟಿದಾಗಿನಿಂದ ಯಾರ ಮಾತೂ ಕೇಳಿದವನಲ್ಲ,” ಅಂದಳು ನೋರಾ. “ಕೀಲಿ ನಿಮ್ಮ ಹತ್ತಿರ ಇದೆಯಲ್ಲ? ಓಡಿ.”

ಗಂಡ ಹೆಂಡತಿ ಓಡಿದರು. ಚಹಾ ಮಾಡಲು ಎದ್ದಿದ್ದ ಡಿನ್ನಿ ಅಡುಗೆಮನೆಯಲ್ಲಿ ಸೊಂಟ ಮುರಿದುಕೊಂಡು ಬಿದ್ದಿದ್ದ. ಅವನು ಕೂಗಿದ್ದು ಮುಂದಿನ ಕೋಣೆಯ ಕಂಪ್ಯೂಟರಿಗೆ ಮುಟ್ಟಿರಲಿಲ್ಲ.

ಆಂಬುಲೆನ್ಸ್‌ನವರು ಹೊತ್ತು ತರುವಾಗ, ಸೇನಾಪತಿಗೆ ಸರಿಯಾದ ಹೊತ್ತಿಗೆ ಹೊಳೆಯಿತು ಎಂದು ಡಿನ್ನಿ ಹೊಗಳಿದ. ಚಾಮರಾಜನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮನುಷ್ಯ ನೆಲಕ್ಕೆ ಬಿದ್ದಿದ್ದನ್ನು ತಾನು ಶಿಸ್ತು ಅಂದುಕೊಂಡಿದ್ದ.

“ನನಗೆಲ್ಲಿ ಹೊಳೀತು,” ಅಂದು ಗೇಟಿನತ್ತ ಕೈ ತೋರಿಸಿದ. “ಹೊಳೆದದ್ದು ಅವರಿಗೆ.”

ಗೇಟಿನಾಚೆ ನೋರಾ ಮಾಸ್ಕನ್ನು ತಲೆಕೆಳಗಾಗಿ ಹಾಕಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ನಿಂತಿದ್ದಳು. ಡಿನ್ನಿ ಅವಳತ್ತ ತಲೆ ತಿರುಗಿಸಿದ.

“ನನ್ನ ತುಕಡಿ ಗುಡ್ಡದ ಮೇಲೇ ಇರಲಿ,” ಅಂದ. “ನಾನು ಬರುವ ತನಕ ಮುಟ್ಟಬೇಡ.”

“ಮುಟ್ಟಲ್ಲ,” ಅಂದಳು ನೋರಾ. “ಬೇಗ ಬಾ.”