ಇಪ್ಪತ್ತು ಲೀಟರಿನ ಸಮುದ್ರ

ನನ್ನ ಗಂಡ ಗೆರ್ನೋಟ್ ಮೂವತ್ತೆಂಟು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವನು. ನಿವೃತ್ತನಾದ ಮೇಲೆ ಓಲ್ಡನ್‌ಬುರ್ಗಿನ ನಮ್ಮ ಮನೆಯಲ್ಲಿ ತಪಾಸಣೆಗೆ ನನ್ನೊಬ್ಬಳನ್ನು ಬಿಟ್ಟು ಬೇರೇನೂ ಉಳಿಯಲಿಲ್ಲ. ಹಾಗಾಗಿ ಅವನು ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿ ತಂದು, ಇದರಲ್ಲಿ ಹವಳದ ಸಮುದ್ರ ಮಾಡುತ್ತೇನೆ ಅಂದಾಗ ನಾನೇ ಕಾಫಿ ಯಂತ್ರವನ್ನು ಎತ್ತಿ ಜಾಗ ಬಿಟ್ಟುಕೊಟ್ಟೆ. ಬುದ್ಧಿ ಎಲ್ಲಿಟ್ಟಿದ್ದೆನೋ ಏನೋ.

ಉಪ್ಪು ತೂಗಿದ, ಕಲಸಿದ, ಮತ್ತೆ ಅಳೆದ. ಬೆಚ್ಚಗಿನ ಆ ಉಪ್ಪುನೀರಿನಲ್ಲಿ ಎರಡು ಕಲ್ಲಿಟ್ಟ. ಆಮೇಲೆ? ಆಮೇಲೆ ಏನೂ ಇಲ್ಲ! ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕಂತೆ, ಆರು ವಾರ ಕಾಯಬೇಕಂತೆ. ದಿನಾ ಬೆಳಿಗ್ಗೆ ಒಂದು ಪುಟ್ಟ ಸೀಸೆಗೆ ನೀರು ತುಂಬಿ, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಭಾನುವಾರ ಕಾಫಿಗೆ ಬಂದವರಿಗೆಲ್ಲ ಕಲ್ಲುಗಳ ದರ್ಶನ. ನನ್ನ ನಾದಿನಿ ಹೈಡ್ರುನ್ ಮೂರು ಭಾನುವಾರ ಬಂದು, ಮೂರೂ ಸಲ ನಾನು ಮಾಡಿದ ಪ್ಲಮ್ ಕೇಕ್ ತಿಂದು, ಮೀನೆಲ್ಲಿ ಅಂತ ಕೇಳಿ ಹೋದಳು. ಅವಳು ಕೇಳುವ ಧಾಟಿಗೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅರವತ್ತೈದನೇ ಹುಟ್ಟುಹಬ್ಬಕ್ಕೆ ಬಾ, ಮೀನು ತೋರಿಸುತ್ತೇನೆ ಅಂದುಬಿಟ್ಟೆ. ಅವಳಿಗಷ್ಟೇ ಅಲ್ಲ, ನಮ್ಮ ಹಾಡಿನ ತಂಡದ ಏಳು ಹೆಂಗಸರಿಗೂ ಹೇಳಿದೆ.

ಏಳನೇ ವಾರ ನೀರು ಪಾಸಾಯಿತು. ಗೆರ್ನೋಟ್ ಎರಡು ಬಸವನಹುಳು, ಅಂಗಿ ಗುಂಡಿಯಷ್ಟು ದೊಡ್ಡ ಒಂದು ಹವಳ ತಂದು ಬಿಟ್ಟ. ಮೀನು ಯಾವಾಗ ಅಂತ ಕೇಳಿದೆ.

"ಮೀನಿಲ್ಲ, ಟ್ರೌಡೆಲ್. ಅರವತ್ತು ಲೀಟರಿಗಿಂತ ಕಡಿಮೆ ನೀರಲ್ಲಿ ಮೀನು ಬಿಡಬಾರದು. ಪಾಪ, ಅದಕ್ಕೆ ಹಿಂಸೆ."

"ಇದನ್ನ ಈಗ ಹೇಳ್ತಿದ್ದೀಯಾ?"

"ನೀನು ಕೇಳಲೇ ಇಲ್ವಲ್ಲ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹುಟ್ಟುಹಬ್ಬದ ದಿನ ಬೆಳಿಗ್ಗೆ ಅವನು ಬ್ರೆಡ್ಡು ತರಲು ಹೋದಾಗ ನಾನು ಸೈಕಲ್ ಹತ್ತಿ ಅಕ್ವೇರಿಯಂ ಅಂಗಡಿಗೆ ಹೊರಟೆ. ಬೆರಳುದ್ದದ ಒಂದು ಮೀನನ್ನು ತೋರಿಸಿ, ಇದು ಕೊಡಿ ಅಂದೆ. ಅಂಗಡಿಯವನು ತೊಟ್ಟಿ ಎಷ್ಟು ಲೀಟರಿನದು ಅಂತ ಕೇಳಿದ. ಅರವತ್ತು ಅಂದೆ. ನೀರು ಪರೀಕ್ಷೆ ಮಾಡಿದ್ದೀರಾ ಅಂದ. ಹೀಗೆಲ್ಲ ಕೇಳುತ್ತಾರೆ ಅಂತ ಗೊತ್ತಿದ್ದೇ ಗಂಡನ ಪುಸ್ತಕವನ್ನು ಎತ್ತಿಕೊಂಡು ಬಂದಿದ್ದೆ. ಜಂಬದಿಂದ ಅವನ ಕೈಗೆ ಕೊಟ್ಟೆ. ಏಳು ವಾರದ ಅಂಕಿಗಳನ್ನು ಒಂದೊಂದಾಗಿ ನೋಡಿ ತಲೆದೂಗಿದ. ಆಮೇಲೆ ಪುಸ್ತಕ ಮುಚ್ಚಿದ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ತೊಟ್ಟಿ, ಇಪ್ಪತ್ತು ಲೀಟರ್' ಅಂತ ಬರೆದಿತ್ತು. ಅದರ ಕೆಳಗೆ ಗೆರ್ನೋಟನ ಸಹಿ, ತಾರೀಖು.

"ಬಹಳ ಅಚ್ಚುಕಟ್ಟಾಗಿ ಬರೆದಿದ್ದಾರೆ ಮೇಡಂ," ಅಂದ ಅವನು. "ಮೀನು ಕೊಡಲ್ಲ."

ಬರಿಗೈಯಲ್ಲಿ ಮನೆಗೆ ಬಂದು, ಗಂಡನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಮೀನಿಗಾಗಿ ಅಳಲಿಲ್ಲ. ಹೈಡ್ರುನ್ ಎದುರು ಮುಖವೆತ್ತುವುದು ಹೇಗೆ ಅನ್ನುವುದೇ ನನ್ನ ಸಂಕಟ. ಅದಕ್ಕೆ ಅವನು ಅಂಗಡಿಯವನು ಮಾಡಿದ್ದೇ ಸರಿ ಅಂದ. ಇಂಥವನನ್ನು ಕಟ್ಟಿಕೊಂಡೆನಲ್ಲ ಅನ್ನಿಸಿತು.

ಮೂರೂವರೆಗೆ ಸರಿಯಾಗಿ ಎಂಟೂ ಜನ ಬಂದರು. ಹೈಡ್ರುನ್ ಕೋಟನ್ನೂ ಬಿಚ್ಚದೆ ನೇರ ತೊಟ್ಟಿಯ ಮುಂದೆ ಹೋಗಿ ನಿಂತಳು.

"ಎಲ್ಲಿ ಅತ್ತಿಗೆ, ನಿನ್ನ ಮೀನು?"

ಉಳಿದವರೂ ಗಾಜಿನ ಹತ್ತಿರ ಬಗ್ಗಿದರು. ಅಷ್ಟರಲ್ಲಿ ಗೆರ್ನೋಟ್ ಕಾಫಿಯ ಜಗ್ಗು ಹಿಡಿದು ಬಂದ. ನನ್ನ ಮುಖ ನೋಡಿದ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಅವನು. ಒಮ್ಮೆ ಕೆಮ್ಮಿದ.

"ಕಲ್ಲಿನ ಹಿಂದೆ ಇದೆ. ಸ್ವಲ್ಪ ನಾಚಿಕೆ ಅದಕ್ಕೆ."

ಅವನ ಎರಡೂ ಕಿವಿ ಕೆಂಪಾದವು. ಏನು ಬಣ್ಣ ಅಂತ ಹೈಡ್ರುನ್ ಕೇಳಿದಳು. ಬೆಳಕು ಹೇಗೆ ಬೀಳುತ್ತೋ ಹಾಗೆ ಅಂದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಸ್ವಲ್ಪ ಹೊತ್ತಿಗೆ ಹಾಡಿನ ತಂಡದ ಇರ್ಮ್‌ಗಾರ್ಡಳಿಗೆ ಬಾಲ ಕಂಡಿತು. ಅವಳ ಪಕ್ಕದವಳಿಗೆ ಕಣ್ಣೂ ಕಂಡಿತು. ಹೈಡ್ರುನ್ ಬಿಡುತ್ತಾಳೆಯೇ? ತಾನು ಬಾಗಿಲಲ್ಲಿ ಕಾಲಿಡುವಾಗಲೇ ನೋಡಿದೆ, ತನ್ನನ್ನು ಕಂಡೇ ಅದು ಓಡಿಹೋಗಿದ್ದು ಅಂದಳು.

ನಲವತ್ತೊಂದು ವರ್ಷದ ಸಂಸಾರದಲ್ಲಿ ಗೆರ್ನೋಟ್ ನನಗೆ ಹೂವು ತಂದದ್ದಿದೆ, ಉಂಗುರ ಕೊಡಿಸಿದ್ದಿದೆ. ನನಗಾಗಿ ಸುಳ್ಳು ಹೇಳಿದ್ದು ಇದೇ ಮೊದಲು. ಪಾಪ, ಕಾಫಿಯನ್ನು ಬಟ್ಟಲಿನ ಬದಲು ಮೇಜಿಗೆ ಬಗ್ಗಿಸುತ್ತಿದ್ದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎಲ್ಲರೆದುರೇ ಆ ಕೆಂಪು ಕಿವಿಗೊಂದು ಮುತ್ತು ಕೊಟ್ಟೆ. ಯಾರೂ ನೋಡಲಿಲ್ಲ. ಎಲ್ಲರೂ ಮೀನು ನೋಡುತ್ತಿದ್ದರು.