ಎರಡು ಗೇಟುಗಳ ನಡುವಿನ ದಾರಿ

"ಇಲ್ಲಿಂದ ಇಲ್ಲೀವರೆಗೆ ಎಲ್ಲೂ ನಿಲ್ಲಿಸೋ ಹಾಗಿಲ್ಲ," ಎನ್ನುತ್ತ ಗಂಡ ನಕ್ಷೆಯ ಮೇಲೆ ಬೆರಳೆಳೆದ. "ಕೆಳಗಿನ ಗೇಟು ದಾಟಿದರೆ ಆಮೇಲೆ ಮೇಲಿನ ಗೇಟೇ. ಪ್ರಾಣಿಗಳು ಓಡಾಡೋ ಜಾಗ, ಕಿಟಕಿ ಕೂಡ ಇಳಿಸಬಾರದು."

ಊಟದ ಮೇಜಿನ ತುಂಬ ರಾಷ್ಟ್ರೀಯ ಉದ್ಯಾನದ ನಕ್ಷೆ ಹರಡಿತ್ತು. ಮಡಿಕೆಗಳು ಮೇಲೇಳದಂತೆ ಮೂಲೆಗಳಿಗೆ ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ, ಎರಡು ಲೋಟ. ಸ್ಪೀಕರಿಗೆ ಹಾಕಿದ್ದ ಮೊಬೈಲಿನಿಂದ ಮೈದುನ ನಗುತ್ತಿದ್ದ. "ಅಲ್ಲಣ್ಣ, ನಡುವೆ ಯಾರಿಗಾದರೂ ಅರ್ಜೆಂಟಾದರೆ?"

"ಹೊರಡೋ ಮೊದಲೇ ಮುಗಿಸ್ಕೊಂಡು ಬನ್ನಿ."

ಅವಳೂ ನಕ್ಕಳು. ಗಂಡ ಹೀಗೆ ಹುರುಪಿನಿಂದ ಮಾತಾಡಿ ಎಷ್ಟು ಕಾಲವಾಗಿತ್ತು. ಅವನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಹೋದ ವರ್ಷ ಕಿರಾಣಿ ಅಂಗಡಿಯೊಂದರಲ್ಲಿ ತಕ್ಕಡಿ ಪರೀಕ್ಷಿಸುತ್ತಿದ್ದಾಗಲೇ ಮೂರ್ಛೆರೋಗ ಬಂದು, ಕೈಕಾಲು ನಡುಗಿ ಬಿದ್ದಿದ್ದ. ಮಾತ್ರೆ ತಪ್ಪಿಸಬೇಡಿ, ಒಂದು ವರ್ಷ ಮತ್ತೆ ಬರಲಿಲ್ಲವೆಂದರೆ ಕಾರು ಓಡಿಸಿ, ಒಮ್ಮೆ ಬಂದರೂ ಎಣಿಕೆ ಮೊದಲಿನಿಂದ ಎಂದಿದ್ದರು ಡಾಕ್ಟರು. ಆ ವರ್ಷ ಈ ವಾರ ತುಂಬುತ್ತಿತ್ತು. ಹೊದಿಕೆಯಡಿ ಮಲಗಿದ್ದ ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸಿ, ಬೆಟ್ಟದ ದಾರಿಯನ್ನು ಅವನೇ ಆರಿಸಿದ್ದ. ಸುಲಭದ ದಾರಿ ಹಿಡಿದು ಹೋಗಿಬಂದರೆ ಅದು ಗುಣವಾದದ್ದಕ್ಕೆ ಸಾಕ್ಷಿಯಲ್ಲ ಎಂಬುದು ಅವನ ಲೆಕ್ಕ. ಲೈಸೆನ್ಸು ಅವಳಿಗೂ ಇತ್ತು. ಆದರೆ, ನೀನು ಕಾರು ತಿರುಗಿಸೋಷ್ಟರಲ್ಲಿ ಭೂಮಿ ಒಂದು ಸುತ್ತು ಹಾಕಿರುತ್ತೆ ಎಂದು ಅವನು ಅಣಕಿಸಿದ ಮೇಲೆ ಅವಳು ಸ್ಟಿಯರಿಂಗು ಮುಟ್ಟಿರಲಿಲ್ಲ.

"ಇಲ್ಲಿ ಹೊಳೆ ದಾಟಿದ ಕೂಡಲೇ ಏರು ಶುರು. ಈ ತಿರುವಲ್ಲಿ ಎಡಗಡೆ ಪೂರ್ತಿ ಕಣಿವೆ. ಇಲ್ಲಿ..."

ಬೆರಳು ತಿರುವಿನ ಮೇಲೆ ನಿಂತಿತು. ಯೋಚಿಸುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಅವನ ಎಡಗೈ ಅಂಗಿಯ ಗುಂಡಿಯನ್ನು ಹಿಡಿದು ತಿರುಚತೊಡಗಿತು. ರುಚಿ ನೋಡುವವನಂತೆ ತುಟಿ ಆಡಿಸಿದ. ಕಣ್ಣು ತೆರೆದೇ ಇತ್ತು. ನೇರ ಅವಳತ್ತಲೇ ಇತ್ತು. ಆದರೆ ನೋಡುವವನು ಅಲ್ಲಿರಲಿಲ್ಲ.

"ಅಣ್ಣ, ದೊಡ್ಡವಳು ಮುಂದಿನ ಸೀಟು ತನಗೇ ಬೇಕು ಅಂತ ಹಟ ಹಿಡಿದಿದ್ದಾಳೆ," ಎಂದ ಮೈದುನ. "ದೊಡ್ಡಪ್ಪನ ಪಕ್ಕ ಕೂತು ಜಿಂಕೆ ನೋಡ್ತಾಳಂತೆ. ಕೂರಿಸ್ಕೋತೀಯಾ?... ಅಣ್ಣ? ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಮಗಳನ್ನೂ ತೂಕಕ್ಕೆ ಹಾಕ್ತಿದ್ದಾರೋ ಹೇಗೆ? ಹಲೋ?"

"ಆಮೇಲೆ ಮಾಡ್ತೀವಿ, ಇಡು," ಎಂದು ಅವಳು ಫೋನ್ ಕಟ್ ಮಾಡಿ, ಗಂಡನ ಭುಜ ಹಿಡಿದು ನಿಂತಳು. ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಅವನ ರೆಪ್ಪೆ ಬಡಿಯಿತು.

"...ಇಲ್ಲಿ ಎರಡನೇ ಗೇರಲ್ಲೇ ಹೋಗಬೇಕು." ತಲೆಯೆತ್ತಿದ. "ನೀನ್ಯಾಕೆ ಎದ್ದು ನಿಂತೆ? ಅವನ್ಯಾಕೆ ಫೋನ್ ಇಟ್ಟ?"

ಸಿಗ್ನಲ್ ಹೋಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ಏನೇ ಕಂಡರೂ ಮುಖದಲ್ಲಿ ತೋರಗೊಡದೆ, ಡಾಕ್ಟರ ಹತ್ತಿರ ಕೇಳಿ ಎಂದು ಲಕೋಟೆ ಕೊಟ್ಟು ಕಳಿಸುವುದು. ಈಗ ಅವಳ ಹಿಂದೆ ಯಾವ ಡಾಕ್ಟರೂ ಇರಲಿಲ್ಲ.

"ನಾನೇ ಇಟ್ಟೆ," ಎಂದಳು. "ರೀ, ನಿಮಗೆ ಈಗ ಬಂದಿತ್ತು."

"ಏನು?"

"ಅದೇ."

"ಬಿದ್ದೆನಾ? ನಡುಗಿದೆನಾ? ಇಲ್ವಲ್ಲ. ತಿರುವಿನ ಬಗ್ಗೆ ಯೋಚನೆ ಮಾಡ್ತಿದ್ದೆ."

"ಹಾಗಾದರೆ ನಿಮ್ಮ ತಮ್ಮ ಏನು ಕೇಳಿದ, ಹೇಳಿ."

ಅವನು ಫೋನನ್ನು ನೋಡಿದ. "ಊಟ... ಊಟಕ್ಕೆ ಎಲ್ಲಿ ನಿಲ್ಲೋದು ಅಂತ."

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನೀನು ಮೊದಲಿಂದಲೂ ಈ ದಾರಿ ಬೇಡ ಅಂತಿದ್ದೆ. ನಿನಗೆ ಭಯ. ಅದಕ್ಕೆ ಹೀಗೆ ಹೇಳ್ತಿದ್ದೀಯ." ಅವನ ಕಿವಿ ಕೆಂಪಾಗಿತ್ತು. ಅಂಗಡಿಯವನ ಮಾತು ನಂಬಿ ಅವನು ಎಂದೂ ತಕ್ಕಡಿಗೆ ಮುದ್ರೆ ಒತ್ತಿದವನಲ್ಲ. ತಾನೇ ತಮ್ಮನ ನಂಬರು ಒತ್ತಿದ.

"ಬಂದ್ಯಾ? ಸರಿ, ಹೇಳಣ್ಣ, ಮುಂದೆ ಕೂರಿಸ್ಕೋತೀಯಾ ಇಲ್ವಾ ಇವಳನ್ನ?" ಎಂದ ಮೈದುನ. ಹಿಂದಿನಿಂದ ಹುಡುಗಿ, ದೊಡ್ಡಪ್ಪ ಹೂಂ ಅಂದ್ರಾ, ಎನ್ನುವುದು ಕೇಳಿತು.

"ಇದನ್ನ ಯಾವಾಗ ಕೇಳಿದೆ?"

"ಆಗಲೇ ಕೇಳಿದೆನಲ್ಲ ಮಾರಾಯ. ಅಷ್ಟು ಹೊತ್ತು ಬಡ್ಕೊಂಡೆ, ಉತ್ತರಾನೇ ಇಲ್ಲ."

ಗಂಡ ಫೋನನ್ನು ಮಗುಚಿ ಇಟ್ಟ. ಮೇಜಿನಡಿ ಬಿದ್ದಿದ್ದ ಗುಂಡಿಯನ್ನು ಆಗಷ್ಟೇ ಕಂಡವನಂತೆ ಬಗ್ಗಿ ಎತ್ತಿಕೊಂಡ. ಅಂಗಿಯಲ್ಲಿ ಉಳಿದಿದ್ದ ದಾರದ ಎಳೆ ಮುಟ್ಟಿ ನೋಡಿದ.

"ಹೇಗಿದ್ದೆ ನಾನು?"

"ಅದೆಲ್ಲ ಯಾಕೆ ಈಗ?"

"ತೋರಿಸು. ನನಗೆ ಗೊತ್ತಾಗಬೇಕು."

ಅವಳು ಕುರ್ಚಿಯಲ್ಲಿ ಕುಳಿತಳು. ಬಲಗೈ ಬೆರಳನ್ನು ನಕ್ಷೆಯ ಮೇಲಿಟ್ಟು, ಎಡಗೈಯಲ್ಲಿ ತನ್ನ ಸೆರಗಿನ ಅಂಚು ಹಿಡಿದು ತಿರುಚತೊಡಗಿದಳು. ತುಟಿ ಆಡಿಸಿದಳು. ಅವನ ಮುಖವನ್ನೇ ನೋಡುತ್ತ, ಅವನನ್ನು ಕಾಣದಿರಲು ಯತ್ನಿಸಿದಳು. ಕಷ್ಟವೆನಿಸಿದ್ದು ಅದೊಂದೇ.

"ಸಾಕು," ಎಂದ. ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಕೇಳಿದ, "ಇಷ್ಟು ಹೊತ್ತಾ?"

"ಇದಕ್ಕಿಂತ ಜಾಸ್ತಿ."

ಅವನು ಎದ್ದು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡು ಹೊರಟ. "ರೀ, ಎಲ್ಲಿಗೆ?" ಎಂದರೆ ತಿರುಗಿ ನೋಡಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಕಾರಿನ ಬಾಗಿಲು ಬಡಿದ ಸದ್ದಾಯಿತು. ಅವಳು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. ಎಂಜಿನ್ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿತ್ತು.

ಎಂಜಿನ್ ಸದ್ದು ಬರಲಿಲ್ಲ. ಅವನು ಡ್ರೈವರ್ ಸೀಟಿನಲ್ಲಿ ಕುಳಿತು, ಬಗ್ಗಿ, ಸೀಟಿನಡಿಯ ಸರಳನ್ನು ಎಳೆಯುತ್ತಿದ್ದ. ಸೀಟು ಕಟಕಟ ಎನ್ನುತ್ತ ಹಲ್ಲು ಹಲ್ಲಾಗಿ ಮುಂದೆ ಸರಿಯಿತು. ಗಾಜಿನಾಚೆ ನಿಂತ ಅವಳ ಕಾಲಿನತ್ತ ಒಮ್ಮೆ ನೋಡಿ, ಇನ್ನೊಂದು ಹಲ್ಲು ಸರಿಸಿದ. ಆಮೇಲೆ ಮೊಣಕಾಲೆರಡೂ ಸ್ಟಿಯರಿಂಗಿಗೆ ಒತ್ತಿಕೊಂಡಂತೆ, ಇಕ್ಕಟ್ಟಿನಲ್ಲಿ ಹಾಗೆಯೇ ಕುಳಿತು, ಕೈ ಎತ್ತಿ ಕನ್ನಡಿಯನ್ನು ಅವಳ ಕಣ್ಣಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಬಾಗಿಸಿದ.